ಇಪ್ಪತ್ತೆರಡು ಪ್ರಯೋಗಗಳ ಶುದ್ಧಪ್ರತಿ

ಮೆಸಯೀದ್, ಕತಾರ್
1996 ಜುಲೈ 18, ಗುರುವಾರ

ಪ್ರೀತಿಯ ರಾಹಿಲಾ,

ಅಸ್ಸಲಾಮು ಅಲೈಕುಂ. ನಿನ್ನ ಉಮ್ಮನ ಕಣ್ಣಿನ ಕಟ್ಟು ಬಿಚ್ಚಿದರೇ? ಬಿಚ್ಚಿದೊಡನೆ ನಿನ್ನನ್ನು ನೋಡಿ 'ಎಷ್ಟು ಸೊರಗಿದ್ದೀ ಮಗಳೇ' ಎಂದಿದ್ದರೆ ಆಪರೇಶನ್ ಸರಿಯಾಗಿಲ್ಲವೆಂದು ಡಾಕ್ಟರಿಗೆ ತಿಳಿಸು. ಇಲ್ಲಿ ನಾನು ಕ್ಷೇಮ, ಎಸಿಯೂ ಕ್ಷೇಮ. ಮಗಳು ಅಸೀಫಾ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆ. ನನ್ನೊಡನೆ ಮಾತು ಮಾತ್ರ ಇಲ್ಲ. ಕಳೆದ ಶುಕ್ರವಾರ 'ಲೈನ್ ಸರಿಯಿಲ್ಲ' ಎಂದು ನಾನು ಫೋನ್ ಇಟ್ಟೆನಲ್ಲ, ಲೈನ್ ಸರಿಯಾಗಿಯೇ ಇತ್ತು.

ನೀನು ಊರಿಗೆ ಹೊರಡುವ ಮುನ್ನ ನಮ್ಮ ಅಡುಗೆಮನೆಯಲ್ಲಿ ನಡೆದ ಮಹಾಚರ್ಚೆ ನೆನಪಿದೆಯಲ್ಲ? ಇಲ್ಲಿನ ಅಮೆರಿಕನ್ ಶಾಲೆಯಲ್ಲಿ ಮಗಳು ಓದಿದ ಮೇಲ್ಮಟ್ಟದ ಫಿಸಿಕ್ಸ್, ಬಯಾಲಜಿ, ಕೆಮಿಸ್ಟ್ರಿ ಮೂರಕ್ಕೂ ಕೆನಡಾದ ಕಾಲೇಜು ಕ್ರೆಡಿಟ್ ಕೊಟ್ಟರೆ ಅಲ್ಲಿ ಮೊದಲ ವರ್ಷವೇ ಖಲಾಸ್, ನಾಲ್ಕು ವರ್ಷದ ಡಿಗ್ರಿ ಮೂರಕ್ಕೇ ಮುಗಿಯುತ್ತದೆ. ಬಿ.ಎಸ್ಸಿ. ಓದಿದ ನೀನು, 'ಶಾಲೆಯಲ್ಲಿ ಬಣ್ಣದ ನೀರು ಕಲಸಿದ್ದಕ್ಕೆ ಕಾಲೇಜಿನ ಮಾರ್ಕಾ?' ಎಂದು ಗುಡುಗಿದೆ. ಬರೀ ಡಿಪ್ಲೊಮಾದ ನಾನು, ಎಲ್ಲಿ ಕಲಿತರೂ ಕಲಿತದ್ದು ಕಲಿತದ್ದೇ ಎಂದೆ. ಕೊನೆಗೆ ನಿನ್ನ ತೀರ್ಪು ಬಂತು: 'ಮೂರು ವರ್ಷವಾದರೆ ಹೋಗಲಿ. ನಾಲ್ಕಾದರೆ ಮಂಗಳೂರಲ್ಲೇ, ನನ್ನ ಕಣ್ಣೆದುರೇ ಓದಲಿ.'

ಫಿಸಿಕ್ಸ್, ಬಯಾಲಜಿಗೆ ಕ್ರೆಡಿಟ್ ಸಿಕ್ಕಿತು. ಕೆಮಿಸ್ಟ್ರಿಯವರಿಗೆ ನಿನ್ನದೇ ಗುಮಾನಿ. ಲ್ಯಾಬಿನ ಪುಸ್ತಕ ಕಳಿಸಿ, ನೋಡಿ ಹೇಳುತ್ತೇವೆ ಎಂದರು. ಮಗಳು ಎರಡು ದಿನಕ್ಕೆ ನಜ್ಮಾ ಬಡಾವಣೆಯಲ್ಲಿರುವ ನನ್ನ ತಂಗಿ ರುಕಿಯಾಳ ಮನೆಗೆ ಹೋಗಿದ್ದಳು. ನಾನು ಪುಸ್ತಕ ಬಿಡಿಸಿ ನೋಡಿದೆ. ಯಾ ಅಲ್ಲಾ! ಪುಟ ತುಂಬ ಕಾಟು, ಆಸಿಡಿನ ಕಲೆ, 'ಲೆಕ್ಕ ತಪ್ಪಿತು, ಇನ್ನೊಮ್ಮೆ ಮಾಡಿದೆ' ಎಂಬ ನಿರ್ಲಜ್ಜ ತಪ್ಪೊಪ್ಪಿಗೆಗಳು. ಮಾರ್ಜಿನ್ ಅರ್ಧ ಇಂಚು ಸರಿದರೂ ರೆಕಾರ್ಡನ್ನು ಕಿಟಕಿಯಿಂದಾಚೆ ಎಸೆಯುತ್ತಿದ್ದ ನಾರಾಯಣಸ್ವಾಮಿ ಮೇಷ್ಟ್ರ ಶಿಷ್ಯ ನಾನು. ಮಗಳ ಮಾನ ಉಳಿಸಲು ಪ್ಲಾಂಟಿಗೆ ರಜೆ ಹಾಕಿ ಕುಳಿತೆ. ಇಪ್ಪತ್ತೆರಡು ಪ್ರಯೋಗಗಳನ್ನೂ ಹೊಸ ಪುಸ್ತಕಕ್ಕೆ ಇಳಿಸಿದೆ. ಸ್ಕೇಲಿಟ್ಟು ಚಿತ್ರ ಬರೆದೆ, ಕಂದು ಕಾಗದದ ಬೈಂಡು ಹಾಕಿದೆ. ಅವಳ ಉತ್ತರ ಅಲ್ಪಸ್ವಲ್ಪ ಆಚೀಚೆ ಇದ್ದಲ್ಲಿ, ನಾವೆಲ್ಲ ಮಾಡುತ್ತಿದ್ದಂತೆ, ಟೆಕ್ಸ್ಟ್‌ಬುಕ್ಕಿನ ಉತ್ತರಕ್ಕೆ ಹೊಂದಿಸಿದೆ. ಹಳೆಯದನ್ನು ಕಸದ ಗಾಡಿಗೆ ಕೊಟ್ಟು ನೆಮ್ಮದಿಯಿಂದ ಚಹಾ ಕುಡಿದೆ.

ಮಗಳು ಬಂದವಳು ಹೊಸ ಪುಸ್ತಕದ ಪುಟಗಳನ್ನು ಒಂದೊಂದಾಗಿ ಮಗುಚಿದಳು. 'ಉಪ್ಪಾ, ಆ ತಪ್ಪುಗಳನ್ನೇ ಅವರು ನೋಡೋದು! ಇದು ನನ್ನ ಪುಸ್ತಕವೇ ಅಲ್ಲ!' ಕಸದ ಗಾಡಿಯ ಹಿಂದೆ ಇಂಡಸ್ಟ್ರಿಯಲ್ ಏರಿಯಾದವರೆಗೂ ಕಾರು ಓಡಿಸಿದೆ; ಸಿಗಲಿಲ್ಲ. ಹೊಸದಕ್ಕೇ ಒಂದಿಷ್ಟು ಕಾಟು ಹಾಕಿ, ಚಹಾ ಚೆಲ್ಲಿ ಹಳೆಯದು ಮಾಡೋಣವೇ ಎಂದು ಮೆಲ್ಲಗೆ ಕೇಳಿದೆ. ಅವಳು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯಲಾರೆ. ಮರುದಿನ ನಡೆದದ್ದನ್ನೆಲ್ಲ ಇದ್ದ ಹಾಗೇ ಬರೆದು ಕಾಲೇಜಿಗೆ ಫ್ಯಾಕ್ಸ್ ಮಾಡಿದಳು. ಇವತ್ತಿಗೆ ಒಂಬತ್ತು ದಿನ. ಫ್ಯಾಕ್ಸ್ ಮೆಶಿನ್ ಕಿರ್ ಎಂದಾಗಲೆಲ್ಲ ಆಫೀಸಿನಲ್ಲಿ ಎಲ್ಲರಿಗಿಂತ ಮೊದಲು ನಾನೇ ಎದ್ದು ಓಡುತ್ತೇನೆ. ಬರುವುದು ಮಾತ್ರ ವಾಲ್ವಿನ ಕೊಟೇಶನ್.

ಉಮ್ಮನಿಗೆ ಸಲಾಂ ಹೇಳು, ನನಗಾಗಿ ದುಆ ಮಾಡಲು ಹೇಳು. ಕಾರಣ ಹೇಳಬೇಡ.

ನಿನ್ನ
ಅಝರ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಉತ್ತರ ಬಂತು. ಕೆಮಿಸ್ಟ್ರಿಗೆ ಕ್ರೆಡಿಟ್ ಇಲ್ಲ. 'ಸದ್ಯಕ್ಕೆ ಮೂರು ವರ್ಷ ಎಂದೇ ನಿನ್ನ ಉಮ್ಮನಿಗೆ ಬರೆಯೋಣ, ಆಮೇಲೆ ನೋಡಿಕೊಂಡರಾಯಿತು' ಎಂದು ಮಗಳಿಗೆ ಹೇಳಿದೆ. ಒಂಬತ್ತು ದಿನಗಳ ಬಳಿಕ ಮಗಳು ಬಾಯಿ ಬಿಟ್ಟಳು: 'ಉಮ್ಮನ ಉತ್ತರವನ್ನೂ ನೀವೇ ತಿದ್ದಬೇಡಿ.' ಹಾಗಾಗಿ ಕೇಳುತ್ತಿದ್ದೇನೆ. ನಾಲ್ಕು ವರ್ಷ, ರಾಹಿಲಾ. ಆಗಸ್ಟ್ ಹತ್ತರೊಳಗೆ ಕಾಲೇಜಿಗೆ ತಿಳಿಸಬೇಕು. ಕಳಿಸಲೋ, ಬೇಡವೋ?