ಏಳರಲ್ಲಿ ಕಟ್ಟಿದ ಲಿಂಗ

ರಾಜಾಜಿನಗರ, ಬೆಂಗಳೂರು
ಮಂಗಳವಾರ, ೩೦-೭-೧೯೫೭

ಗುಲ್ಬರ್ಗದ ಖಜಾನೆಯಲ್ಲಿ ಕೂತು ಸರ್ಕಾರದ ದುಡ್ಡು ಕಾಯುತ್ತಿರುವ ನಮ್ಮ ಯಜಮಾನರಿಗೆ ಜಯದೇವಿಯ ಶರಣು.

ನೀವು ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಹೊಟ್ಟೆ ಕೆಟ್ಟಿದೆ ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದಿರಿ, ಈಗ ಹೇಗಿದೆ? ಅಲ್ಲಿಯ ನೀರು ಗಡುಸು, ಕಾಯಿಸಿ ಆರಿಸಿ ಕುಡಿಯಿರಿ. ಮುದ್ದೆ ಸಿಗುವುದಿಲ್ಲ ಎಂದು ಗೋಳಾಡಬೇಡಿ, ಜೋಳದ ರೊಟ್ಟಿ ತಿಂದು ಆ ಊರಿನವರೆಲ್ಲ ಗಟ್ಟಿಮುಟ್ಟಾಗಿಯೇ ಇದ್ದಾರಲ್ಲ. ಕನ್ನಡದವರೆಲ್ಲ ಒಂದೇ ರಾಜ್ಯಕ್ಕೆ ಸೇರಿದೆವೆಂದು ಹೋದ ವರ್ಷ ಮಾವನವರು ಬೀದಿಗೆಲ್ಲ ಸಕ್ಕರೆ ಹಂಚಿದರು. ಆಮೇಲೆ ನಿಮ್ಮನ್ನು ಎತ್ತಿ ಗುಲ್ಬರ್ಗಕ್ಕೆ ಹಾಕಿದರು, ರಾಜ್ಯ ಒಂದಾಗಿ ನಾವಿಬ್ಬರು ಎರಡು ಕಡೆಯಾದೆವು. ಇಲ್ಲಿ ಮಾವನವರೂ ಅತ್ತೆಯವರೂ ಕ್ಷೇಮ. ನಲ್ಲಿಯಲ್ಲಿ ನೀರು ಬೆಳಗಿನ ಹೊತ್ತು ಮಾತ್ರ ಬರುತ್ತಿದೆ. ರಸ್ತೆಗೆ ಮಣ್ಣು ಸುರಿದು ಹೋದವರು ಜಲ್ಲಿ ಹಾಕುವುದಕ್ಕೆ ಇನ್ನೂ ಬಂದಿಲ್ಲ, ಮಳೆ ಬಂದರೆ ಮನೆ ಮುಂದೆ ಕೆಸರೋ ಕೆಸರು. ಇನ್ನು ನಾನೂ ಕ್ಷೇಮ ಎಂದು ಬರೆಯಬೇಕು. ಬರೆಯುವುದಿಲ್ಲ. ನನಗೆ ಸಿಟ್ಟು ಬಂದಿದೆ, ಅದರಲ್ಲಿ ದೊಡ್ಡ ಪಾಲು ನಿಮ್ಮ ಮೇಲೆ.

ಶನಿವಾರ ನಿಮ್ಮ ಕಾಗದ ಬಂತು, ಮಾವನವರ ಹೆಸರಿಗೆ. ಅರ್ಧ ಪುಟ ನಿಮ್ಮ ಹೊಸ ಅಧಿಕಾರಿಯ ಗುಣಗಾನ, ಅದರ ಕೆಳಗೆ ಬಾಡಿಗೆ ಮನೆಯ ತೊಂದರೆ, ಎಲ್ಲ ಮುಗಿದ ಮೇಲೆ ಮೂಲೆಯಲ್ಲಿ ನಾನು. "ವೈದ್ಯರ ಸಲಹೆಯಂತೆ ಹೆರಿಗೆ ಮಾಡಿಸತಕ್ಕದ್ದು. ಜಯದೇವಿಯು ಧೈರ್ಯದಿಂದ ಇರತಕ್ಕದ್ದು." ಇರತಕ್ಕದ್ದಂತೆ! ನಾನೇನು ನಿಮ್ಮ ಕಚೇರಿಯ ಜವಾನನೇ, ಹುಕುಂ ಹೊರಡಿಸುವುದಕ್ಕೆ? ಮಾವನವರು ಅದನ್ನು ನಡುಮನೆಯಲ್ಲಿ ಕೂತು ಎರಡು ಸಲ ಗಟ್ಟಿಯಾಗಿ ಓದಿದರು. ನಾನು ಅಡಿಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಾ ಕೇಳಿಸಿಕೊಂಡೆ. ಹೆರುವವಳು ನಾನು ತಾನೆ? ನನಗೆ ಬೇರೆಯಾಗಿ ನಾಲ್ಕು ಸಾಲು ಬರೆಯಲು ನಿಮಗೆ ಇಂಕು ಸಾಲದೆ ಹೋಯಿತೇ?

ಇಲ್ಲಿಂದ ನಿಮಗೆ ಯಾರು ಏನು ಬರೆದು ತಿಳಿಸಿದರೋ ನನಗೆ ಗೊತ್ತಿಲ್ಲ, ಆದದ್ದನ್ನು ನಾನು ಹೇಳುತ್ತೇನೆ ಕೇಳಿ. ಮಲ್ಲೇಶ್ವರದ ಆಸ್ಪತ್ರೆಯ ಡಾಕ್ಟರಮ್ಮ ಒಳ್ಳೆಯವರು, ಅವರ ಮೇಲೆ ನನಗೆ ದೂರಿಲ್ಲ. ಹೋದ ಸಲದ್ದನ್ನೆಲ್ಲ ಬಿಡಿಸಿ ಬಿಡಿಸಿ ಕೇಳಿದರು. ತವರಿನಲ್ಲಿ ನನಗೆ ದಿನ ತುಂಬಿ, ದಿನ ಮೀರಿ, ಸೂಲಗಿತ್ತಿ ಅಕ್ಕಯ್ಯಮ್ಮ ಇವತ್ತು ನಾಳೆ ಎನ್ನುತ್ತಿರುವಾಗಲೇ ಕೂಸು ಒಳಗೆ ಅಲುಗಾಡುವುದನ್ನು ನಿಲ್ಲಿಸಿತು ಎಂದು ಹೇಳಿದೆ. ಗಂಡು ಕೂಸು ಎಂದೆ. ತಲೆ ತುಂಬ ಕೂದಲಿತ್ತು ಎಂದೂ ಹೇಳಿದೆ, ಅದನ್ನು ಅವರು ಕೇಳಿರಲಿಲ್ಲ. ಅವರು ನನ್ನ ಕೈ ಹಿಡಿದುಕೊಂಡು, "ಈ ಸಲ ದಿನ ತುಂಬೋವರ್ಗೂ ಬಿಡೋದು ಬೇಡಮ್ಮ, ಹದಿನೈದು ದಿನ ಮುಂಚೆ ನಾವೇ ನೋವು ಬರ್ಸೋಣ" ಎಂದರು. ಹರಳೆಣ್ಣೆ ಕುಡಿಸುತ್ತಾರಂತೆ, ಎನಿಮಾ ಕೊಡುತ್ತಾರಂತೆ, ಬಿಸಿನೀರಿನ ಸ್ನಾನ ಮಾಡಿಸಿ ಮೇಲಿಂದ ಮೇಲೆ ಇಂಜೆಕ್ಷನ್ ಚುಚ್ಚುತ್ತಾರಂತೆ. ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ಅವರ ಕಾಲಿಗೆ ಬೀಳೋಣ ಎನ್ನಿಸಿತು. ಅಳುವ ಕೂಸು ಕೈಗೆ ಬರುವುದಾದರೆ ಹರಳೆಣ್ಣೆಯನ್ನು ಒಂದು ಕೊಡ ಬೇಕಾದರೂ ಕುಡಿಯುತ್ತೇನೆ.

ಅಷ್ಟು ಹೊತ್ತಿಗೆ ಡಾಕ್ಟರಮ್ಮ "ಈಗ ಎಷ್ಟು ತಿಂಗಳು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆಯೇ ನಿಮ್ಮ ತಾಯಿ, "ಒಂಬತ್ತು ನಡೀತಾ ಇದೆ ತಾಯಿ, ಮುಗೀತಾ ಬಂತು. ಆಷಾಢಕ್ಕೆ ಮುಂಚೆ ಲಿಂಗ ಕಟ್ಸಿದ್ದೇ ಎಂಟ್ರಲ್ಲಿ" ಎಂದುಬಿಟ್ಟರು. ನಾನು "ಇಲ್ಲ ಅತ್ತೆ, ಈಗ ಎಂಟು" ಎಂದೆ. "ಅವಳಿಗೇನ್ ಗೊತ್ತಾಗುತ್ತೆ ಬಿಡಿ" ಎಂದು ಅತ್ತೆ ನಕ್ಕರು. ಡಾಕ್ಟರಮ್ಮನೂ ನಕ್ಕರು. ಆಮೇಲೆ ನನ್ನ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿ ನಗುವುದನ್ನು ನಿಲ್ಲಿಸಿದರು. "ಒಂಬತ್ತಕ್ಕೆ ಮಗು ತೀರಾ ಸಣ್ಣದಾಯ್ತಲ್ಲ. ಒಳಗೆ ಸರಿಯಾಗಿ ಬೆಳೀತಾ ಇಲ್ಲ. ತಡ ಮಾಡ್ಬಾರ್ದು" ಎಂದರು. ಬೆಳೆಯದೆ ಏನು? ಎಂಟರ ಕೂಸು ಎಂಟರಷ್ಟೇ ಬೆಳೆದಿದೆ. ಒಂಬತ್ತು ಎಂದು ಹೇಳಿದ್ದೇ ತಪ್ಪು, ಆ ತಪ್ಪಿನಿಂದ ನನ್ನ ಕೂಸಿಗೆ ಇಲ್ಲದ ಕಾಯಿಲೆ ಬಂತು. ಮನೆಗೆ ಬಂದಮೇಲೆ ಮಾವನವರು ಪಂಚಾಂಗ ತೆಗೆದು, ಬರುವ ಶ್ರಾವಣ ಸೋಮವಾರವೇ ಆಗಲಿ, ಶಿವನ ವಾರ ಎಂದು ಗೊತ್ತು ಮಾಡಿದರು. ಡಾಕ್ಟರಮ್ಮನೂ ಒಪ್ಪಿದ್ದಾರೆ. ನನ್ನನ್ನು ಯಾರೂ ಕೇಳಲಿಲ್ಲ.

ಈಗ ಸ್ವಲ್ಪ ನೆನಪು ಮಾಡಿಕೊಳ್ಳಿ. ಹೊಟ್ಟೆಯಲ್ಲಿರುವ ಕೂಸಿಗೆ ಎಂಟನೆಯ ತಿಂಗಳಲ್ಲಿ ಲಿಂಗ ಕಟ್ಟುವುದು ನಮ್ಮ ಎರಡೂ ಮನೆಗಳಲ್ಲಿ ನಡೆದುಬಂದದ್ದು. ಈ ಸಲ ಎಂಟು ಬೀಳುವುದು ಆಷಾಢದಲ್ಲಿ, ಆಷಾಢದಲ್ಲಿ ಶುಭ ಕಾರ್ಯ ಮಾಡುವಂತಿಲ್ಲ, ಅದು ಮುಗಿಯಲಿ ಎಂದರೆ ನಿಮಗೆ ರಜೆ ಇಲ್ಲ. ಜ್ಯೇಷ್ಠದಲ್ಲಿ ನೀವು ಬಂದಾಗ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಏನು ಹೇಳಿದಿರಿ? "ನಾನಿರುವಾಗ್ಲೇ ಆಗೋಗ್ಲಿ. ಏಳಾದ್ರೇನು ಎಂಟಾದ್ರೇನು, ಎಂಟು ಅಂತ್ಲೇ ಇಟ್ಕೊಳ್ಳೋಣ." ಇಟ್ಟುಕೊಂಡೆವು. ಮಠದ ಅಯ್ಯನವರಿಗೂ ಎಂಟು ಎಂದೇ ಹೇಳಿದಿರಿ, ಆರತಿಗೆ ಬಂದ ಹೆಂಗಸರಿಗೂ ಎಂಟು ಎಂದೇ ಹೇಳಿದ್ದಾಯಿತು. ಅಯ್ಯನವರು ಮಂತ್ರ ಹೇಳಿ ಕೂಸಿನ ಲಿಂಗವನ್ನು ನನ್ನ ತೋಳಿಗೆ ಕಟ್ಟಿದರು, ನೀವು ಹೋಳಿಗೆ ಊಟ ಮಾಡಿ ರಾತ್ರಿಯ ರೈಲಿಗೆ ಹೊರಟಿರಿ. ಅವತ್ತಿನಿಂದ ಈ ಮನೆಯಲ್ಲಿ ಅದು ಎಂಟೇ. ನಿಮ್ಮ ತಾಯಿ ಸುಳ್ಳು ಹೇಳುತ್ತಿದ್ದಾರೆಂದು ನಾನು ಹೇಳುವುದಿಲ್ಲ. ಅವರು ಹೇಳಿ ಹೇಳಿ ನಂಬಿಬಿಟ್ಟಿದ್ದಾರೆ. ಹಳೆಯ ಮೆತ್ತನೆಯ ಸೀರೆಗಳನ್ನೆಲ್ಲ ಹರಿದು, ಒಗೆದು, ಮಡಿಸಿ ಇಟ್ಟಿದ್ದಾರೆ. ಬಾಣಂತಿಗೆಂದು ಬೆಳ್ಳುಳ್ಳಿ, ಮೆಣಸು, ಬೆಲ್ಲ ಎಲ್ಲ ತಂದಾಗಿದೆ. ಹೋದ ಸಲ ತವರಿನಿಂದ ಬರಿಗೈಯಲ್ಲಿ ಬಂದಾಗ ನನ್ನ ಜೊತೆ ಕೂತು ಅತ್ತವರು ಅವರೊಬ್ಬರೇ, ಅದನ್ನು ನಾನು ಮರೆತಿಲ್ಲ. ಆದರೆ ನೀವು? ಎಂಟು ಎಂದು ಇಟ್ಟುಕೊಳ್ಳೋಣ ಎಂದವರೇ ನೀವು. ನಿಮಗೆ ಹೇಗೆ ಮರೆತುಹೋಯಿತು?

ಇನ್ನೊಂದು ಹೇಳಿದರೆ ನಿಮಗೆ ನಗು ಬರಬಹುದು, ನನಗೆ ಬರುವುದಿಲ್ಲ. ಪಕ್ಕದ ಮನೆ ವಿಮಲಮ್ಮನವರ ಸೊಸೆ ತಿಂಗಳಿಗೆ ಮೂರು ದಿನ ಹಿತ್ತಿಲ ಕೋಣೆಯಲ್ಲಿ ಕೂರುತ್ತಾಳೆ. ಅವಳು ಯಾವಾಗ ಕೂತಳು, ಯಾವಾಗ ಕೂರಲಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತು, ಹಾಲಿನವಳಿಗೂ ಗೊತ್ತು. ಅವಳ ತಿಂಗಳ ಲೆಕ್ಕ ಒಂದು ದಿನವೂ ತಪ್ಪುವುದಿಲ್ಲ. ನಮಗೆ ಮುಟ್ಟಿನ ಸೂತಕವಿಲ್ಲ, ನಾವು ಅದನ್ನೆಲ್ಲ ಮಾಡುವುದಿಲ್ಲ ಎಂದು ಮಾವನವರು ಬಂದವರ ಮುಂದೆ ಹೆಮ್ಮೆಯಿಂದ ಹೇಳುತ್ತಾರೆ. ನನಗೂ ಹೆಮ್ಮೆಯೇ. ನಾನು ಆ ದಿನಗಳಲ್ಲೂ ಲಿಂಗಪೂಜೆ ಮಾಡುತ್ತೇನೆ, ಎಲ್ಲರಿಗೂ ಬಡಿಸುತ್ತೇನೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹಾಗಾದರೆ ಲೆಕ್ಕ ನನ್ನ ಹತ್ತಿರ ಮಾತ್ರ ಇದೆ ಎಂದಾಯಿತಲ್ಲ? ನನ್ನ ಮೈಯ ಲೆಕ್ಕವನ್ನು ನನ್ನನ್ನು ಕೇಳಬೇಕು ಎಂದು ಈ ಮನೆಯಲ್ಲಿ ಒಬ್ಬರಿಗಾದರೂ ಯಾಕೆ ಹೊಳೆಯಲಿಲ್ಲ? ಅತ್ತೆಗೆ ಆಮೇಲೆಯೂ ಒಂದು ಸಲ ಹೇಳಿದೆ. "ಮೊದಲ್ನೇದು ಹೋಯ್ತು ಅಂತ ಹೆದ್ರಿಕೊಂಡು ಏನೇನೋ ಹೇಳ್ತಿದೀಯ, ಸುಮ್ನಿರು ಮಗಳೇ" ಎಂದು ತಲೆ ಸವರಿದರು. ಬೈದಿದ್ದರೆ ಜಗಳವಾಡುತ್ತಿದ್ದೆ, ತಲೆ ಸವರಿದವರ ಜೊತೆ ಏನು ಜಗಳ? ಇನ್ನು ಮಾವನವರ ಮುಂದೆ ನಿಂತು, ನಾನು ಇಂಥ ದಿನ ಮುಟ್ಟಾಗಿದ್ದೆ ಎಂದು ಹೇಳುವುದಕ್ಕೆ ಯಾವ ಸೊಸೆಗೆ ಬಾಯಿ ಬರುತ್ತದೆ, ನೀವೇ ಹೇಳಿ.

ನೋವು ಬರಿಸುವುದೇ ಬೇಡ ಎಂದು ನಾನು ಹಟ ಮಾಡುತ್ತಿದ್ದೇನೆ ಎಂದು ತಿಳಿಯಬೇಡಿ. ಬೇಕು. ಎಷ್ಟು ಬೇಕೆಂದರೆ, ಸೋಮವಾರ ಎಂದು ಗೊತ್ತಾದ ದಿನ ತಪ್ಪು ಲೆಕ್ಕ ಎಂದು ತಿಳಿದೂ ನನಗೆ ಒಳಗೊಳಗೇ ಹಾಯೆನ್ನಿಸಿತು. ಇನ್ನು ಕೆಲವೇ ದಿನ, ಆಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅಲುಗಾಡಿತೇ ಇಲ್ಲವೇ ಎಂದು ಕಾಯುವ ಹಿಂಸೆ ಇಲ್ಲ. ಅನ್ನಕ್ಕೆ ನೀರಿಟ್ಟು ಕಾಯುತ್ತೇನೆ, ಬಟ್ಟೆ ಹಿಂಡುತ್ತಾ ಕಾಯುತ್ತೇನೆ, ಅದು ಒಂದು ಗಳಿಗೆ ಸುಮ್ಮನಿದ್ದರೆ ಬೇಕೆಂದೇ ಬೆಲ್ಲ ತಿಂದು ಅದನ್ನು ಎಬ್ಬಿಸುತ್ತೇನೆ. ಒದೆಯಿತೆಂದರೆ ಜೀವ ಬರುತ್ತದೆ, ಆಮೇಲೆ, ಪಾಪ, ಇಷ್ಟು ಸಣ್ಣ ಕಾಲನ್ನು ಸೋಮವಾರ ಹೊರಗೆ ಎಳೆಯುತ್ತಾರಲ್ಲ ಎಂದು ಹೊಟ್ಟೆ ಉರಿಯುತ್ತದೆ. ಏಳರಲ್ಲಿ ಹುಟ್ಟಿದ್ದು ಬದುಕುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ ಎಂದು ವಿಮಲಮ್ಮನವರು ಯಾರ ವಿಷಯಕ್ಕೋ ಹೇಳಿದರು. ಅದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ, ಕೇಳಿದಂದಿನಿಂದ ಊಟ ಸೇರುತ್ತಿಲ್ಲ. ಒಳಗೆ ಬಿಟ್ಟರೂ ಹೆದರಿಕೆ, ಹೊರಗೆ ತೆಗೆದರೂ ಹೆದರಿಕೆ. ಇಂಥ ಹೊತ್ತಿನಲ್ಲಿ ನೀವು ಅಲ್ಲಿ ಕೂತು ಧೈರ್ಯದಿಂದ ಇರತಕ್ಕದ್ದು ಎಂದು ಬರೆಯುತ್ತೀರಿ. ಇಲ್ಲಿದ್ದಿದ್ದರೆ ನಿಮ್ಮ ಕೈಯಲ್ಲಿರುವ ಕಾಫಿ ಲೋಟ ಕಿತ್ತುಕೊಂಡು, ಆ ಧೈರ್ಯ ಎಲ್ಲಿಂದ ತರಲಿ ಎಂದು ಕೇಳುತ್ತಿದ್ದೆ.

ಈಗ ನೀವು ಮಾಡಬೇಕಾದದ್ದು ಇಷ್ಟು. ಈ ಕಾಗದ ಮುಟ್ಟಿದ ತಕ್ಷಣ ಮಾವನವರಿಗೆ ಒಂದು ತಂತಿ ಕೊಡಿ. ಉದ್ದ ಬೇಡ. ಲಿಂಗ ಕಟ್ಟಿಸಿದ್ದು ಏಳರಲ್ಲಿ, ಸೋಮವಾರ ಬೇಡ, ಅಷ್ಟೇ. ಮುಟ್ಟಿನ ಮಾತು ಎತ್ತಬೇಕಾಗಿಲ್ಲ, ನಾಚಿಕೊಳ್ಳುವಂಥದ್ದೂ ಏನಿಲ್ಲ. ಮಗ ಹೇಳಿದರೆ ಮಾವನವರು ಕೇಳುತ್ತಾರೆ, ಅವರು ಹೇಳಿದರೆ ಅತ್ತೆ ಕೇಳುತ್ತಾರೆ, ಅತ್ತೆ ಹೇಳಿದರೆ ಡಾಕ್ಟರಮ್ಮನೂ ಕೇಳುತ್ತಾರೆ. ನಾನು ಎದುರಿಗೇ ನಿಂತು ಹೇಳಿದ್ದನ್ನು ಯಾರೂ ಕೇಳಲಿಲ್ಲ, ಗುಲ್ಬರ್ಗದಿಂದ ನೀವು ಹೇಳಿದರೆ ಎಲ್ಲರೂ ಕೇಳುತ್ತಾರೆ. ಇದನ್ನು ಬರೆಯುವಾಗಲೂ ಸಿಟ್ಟು ಏರುತ್ತಿದೆ, ಅಕ್ಷರ ಸೊಟ್ಟಗಾದರೆ ಕ್ಷಮಿಸಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಳೆಯಲ್ಲಿ ನೆನೆದುಕೊಂಡು ಕಚೇರಿಗೆ ಹೋಗಬೇಡಿ, ಟ್ರಂಕಿನ ತಳದಲ್ಲಿ ಕಂಬಳಿ ಇಟ್ಟಿದ್ದೇನೆ. ಮಾವನವರೂ ಅತ್ತೆಯವರೂ ನಿಮಗೆ ಆಶೀರ್ವಾದ ಹೇಳಿದ್ದಾರೆ. ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ, ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ಇಂತಿ,
ಸಿಟ್ಟಿನಲ್ಲಿರುವ ನಿಮ್ಮ
ಜಯದೇವಿ

ತಾ.ಕ.: ಇದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಪೆನ್ಸಿಲ್ ನರ್ಸಮ್ಮನದು. ಕಾಗದವನ್ನು ಡಬ್ಬಕ್ಕೆ ಹಾಕಿಬರುತ್ತೇನೆಂದು ಮನೆಯಿಂದ ಹೊರಟವಳು ಡಬ್ಬದ ಹತ್ತಿರ ನಿಲ್ಲಲಿಲ್ಲ. ವಿಮಲಮ್ಮನವರನ್ನು ಕರೆದುಕೊಂಡು ಬಸ್ಸು ಹತ್ತಿ ಇಲ್ಲಿಗೇ ಬಂದುಬಿಟ್ಟೆ. ಡಾಕ್ಟರಮ್ಮನಿಗೆ ನಾನು ಮುಟ್ಟಾದ ದಿನ, ನಿಮ್ಮ ರಜೆ, ಆಷಾಢ, ಲಿಂಗ, ಒಂದೂ ಬಿಡದೆ ಹೇಳಿದೆ. ನಂಬಿದರು. ಮತ್ತೆ ಹೊಟ್ಟೆ ನೋಡಿದರು. "ಇದನ್ನ ಅವತ್ತೇ ಗಟ್ಟಿಯಾಗಿ ಹೇಳ್ಬಾರ್ದಿತ್ತೇನಮ್ಮ, ಎಂಥ ಅನಾಹುತ ಆಗ್ತಿತ್ತು" ಎಂದು ಬೈದರು. ಸೋಮವಾರದ್ದು ನಿಂತಿತು. ನೋವು ಬರಿಸುವುದು ಇನ್ನೊಂದು ತಿಂಗಳು ಹೋಗಲಿ, ಆಮೇಲೆ ಎಂದಿದ್ದಾರೆ. "ಆದ್ರೆ ಅಲ್ಲೀವರ್ಗೂ ಒಳಗೆ ಏನೂ ಆಗಲ್ಲ ಅಂತ ನಾನು ಮಾತು ಕೊಡೋಕಾಗಲ್ಲ, ತಿಳ್ಕೊಂಡಿರು" ಎಂದೂ ಹೇಳಿದ್ದಾರೆ. ಮನೆಯಲ್ಲಿ ಇದು ಇನ್ನೂ ಯಾರಿಗೂ ಗೊತ್ತಿಲ್ಲ. ಆದ್ದರಿಂದ ತಂತಿ ಈಗ ಡಾಕ್ಟರಿಗಾಗಿ ಬೇಕಾಗಿಲ್ಲ, ನನಗಾಗಿ ಬೇಕು. ಈ ತಿಂಗಳಲ್ಲಿ ಕೂಸು ಮತ್ತೆ ಸುಮ್ಮನಾಗಿಬಿಟ್ಟರೆ, ಸೋಮವಾರವೇ ತೆಗೆಸಿದ್ದರೆ ಬದುಕುತ್ತಿತ್ತು, ಇವಳೇ ಬೇಡ ಎಂದಳು ಎಂಬ ಮಾತನ್ನು ಸಾಯುವವರೆಗೂ ಕೇಳಬೇಕಾದವಳು ನಾನು. ಯಾರೂ ಬಾಯಿಬಿಟ್ಟು ಅನ್ನದಿದ್ದರೂ ನನಗೆ ಕೇಳಿಸುತ್ತದೆ. ಬೇಡ ಎಂದದ್ದು ನಿಮ್ಮ ಹೆಸರಿನಲ್ಲಿ ಇರಲಿ. ಕೂಸನ್ನು ನಾನು ಹೊರುತ್ತೇನೆ, ಇದನ್ನು ನೀವು ಹೊರಿ.