ಬಟ್ಟೆ ಕಟ್ಟಿದ ಎರಡು ಹೂಗಳು

ಓರ್ದಿಬೆಹೆಶ್ತ್ ತಿಂಗಳ ೧೦, ವಸಂತದ ಬೆಳಗ್ಗೆ

ಹನ್ನೊಂದು ಬೀಜ. ಗೋಡೆಯ ಪಕ್ಕ, ಮೊಳದ ಅಂತರದಲ್ಲಿ, ಎರಡು ಗೆಣ್ಣು ಆಳಕ್ಕೆ ಊರಿದೆ. ಹೆಂಡತಿ ಸೊಲ್ಮಾಜಳ ಹೊಲಿಗೆ ಪೆಟ್ಟಿಗೆಯಲ್ಲಿ, ಗುಂಡಿಗಳ ನಡುವೆ ಸಿಕ್ಕವು ಇಷ್ಟೇ. ಮಿಕ್ಕವು... ಬರೆಯಲೇಬೇಕು. ಅವಳು ತೀರಿಕೊಂಡ ನಲವತ್ತನೆಯ ದಿನ, ಬಂದವರ ಮುಂದಿಡಲು, ಅಡುಗೆಮನೆಯ ಜಾಡಿಯಲ್ಲಿದ್ದ ಸೂರ್ಯಕಾಂತಿ ಬೀಜಗಳನ್ನು ಉಪ್ಪುನೀರು ಚಿಮುಕಿಸಿ ನಾನೇ ಹುರಿದೆ. ಬೀಜವಿಲ್ಲದೆ ಬರಿಯ ಚಹಾ ಕೊಡುವ ಮನೆ ನಮ್ಮ ಖೋಯ್ ಊರಿನಲ್ಲಿ ಉಂಟೆ? ಮರುದಿನ ಜಾಡಿ ತೊಳೆಯುವಾಗ ಅದರ ಅಡಿಭಾಗಕ್ಕೆ ಅಂಟಿಸಿದ ಚೀಟಿ ಕಂಡಿತು. ಅವಳ ಕೈಬರಹ: ‘ಬಿತ್ತಲು’. ಇಪ್ಪತ್ತಾರು ವರ್ಷ ಅವಳು ಕಾಪಾಡಿಕೊಂಡು ಬಂದ ಬೆಣ್ಣೆಬಣ್ಣದ ಹೂವಿನ ತಳಿ. ನಾನು ಮೂವತ್ತು ವರ್ಷ ಸಸ್ಯಶಾಸ್ತ್ರ ಬೋಧಿಸಿದವನು.

ಯಾರಿಗೂ ಹೇಳಿಲ್ಲ.

ಓರ್ದಿಬೆಹೆಶ್ತ್ ೨೨

ಏಳು ಮೊಳೆತಿವೆ.

ಖೊರ್ದಾದ್ ೧೪

ಬಸವನಹುಳು, ಗುಬ್ಬಿ, ನಿನ್ನೆಯ ಆಲಿಕಲ್ಲು. ಉಳಿದದ್ದು ಎರಡು.

ತೀರ್ ೨೯

ಮೊಗ್ಗು ಬಿರಿಯುವ ಮುನ್ನ ತೆಳುಬಟ್ಟೆ ಕಟ್ಟಿದೆ. ಊರ ಸುತ್ತ ಹೊಲಗಳೆಲ್ಲ ಬಂಗಾರದ ಹಳದಿ ಸೂರ್ಯಕಾಂತಿ. ಅಲ್ಲಿಂದ ಒಂದು ಜೇನ್ನೊಣ ಬಂದರೂ ಸಾಕು, ಮುಂದಿನ ವರ್ಷ ಈ ತಿಳಿಬಣ್ಣ ಇರುವುದಿಲ್ಲ. ಸೊಲ್ಮಾಜಳ ತಂಗಿ ರುಖ್ಸಾರಾ ಬಂದಿದ್ದಳು. ಸಕ್ಕರೆಯ ತುಂಡನ್ನು ಹಲ್ಲಲ್ಲಿ ಕಚ್ಚಿ ಚಹಾ ಹೀರುತ್ತ ನೋಡಿದಳು.

“ಅಕ್ಕನ ಹೂಗಳಿಗೆ ಪ್ರತಿವರ್ಷ ನೆಗಡಿ. ನೋಡಿ, ತಲೆಗೆ ಬಟ್ಟೆ.”

ಅಕ್ಕ ತೀರಿಕೊಂಡು ವರ್ಷ ತುಂಬುವ ದಿನ ಸಮಾಧಿಗೆ ಈ ಹೂಗಳೇ ಬೇಕೆಂದಳು. ಅಕ್ಕನ ಹೂವಿರುವಾಗ ಅಂಗಡಿಯ ಹೂ ಒಯ್ದರೆ ಜನ ಏನೆಂದಾರು? ಒಪ್ಪಿಕೊಂಡೆ. ಬೇರೇನು ಹೇಳಲಿ?

ಮೊರ್ದಾದ್ ೭

ಎರಡೂ ಅರಳಿವೆ. ಬಟ್ಟೆಯೊಳಗಿಂದ ಮಸುಕಾಗಿ ಕಾಣುತ್ತವೆ — ಹಾಲಿನ ಕೆನೆಯ ಬಣ್ಣ.

ಸೂರ್ಯಕಾಂತಿಗೆ ತನ್ನದೇ ಪರಾಗ ಒಗ್ಗದು. ಇನ್ನೊಂದು ಗಿಡದ್ದು ಬೇಕು. ಕಪ್ಪುಹಲಗೆಯ ಮೇಲೆ ಎಷ್ಟು ಬಾರಿ ಬರೆದಿದ್ದೇನೆ! ಎರಡನ್ನೂ ಕೊಯ್ದರೆ ತಳಿ ಇಲ್ಲಿಗೇ ಮುಗಿಯಿತು. ಒಂದನ್ನು ಕೊಯ್ದರೂ ಅಷ್ಟೇ. ಕೊಯ್ಯದಿದ್ದರೆ ಕಾರಣ ಹೇಳಬೇಕು. ನಾಡಿದ್ದು ವರ್ಷ ತುಂಬುತ್ತದೆ.

ಮೊರ್ದಾದ್ ೯, ಮಧ್ಯಾಹ್ನ

ಬೆಳಗ್ಗೆ ರುಖ್ಸಾರಾ ಹಲ್ವಾದ ತಟ್ಟೆ, ಪನ್ನೀರಿನ ಸೀಸೆಗಳೊಡನೆ ಬಂದಳು. ಕತ್ತರಿ ನನ್ನ ಕೈಯಲ್ಲಿತ್ತು. ಹೂವಿನ ಮುಂದೆ ನಿಂತೆ. ಆಗಲಿಲ್ಲ. ಹೇಳಿಬಿಟ್ಟೆ — ಜಾಡಿ, ಬಾಣಲೆ, ಚೀಟಿ, ಎಲ್ಲವನ್ನೂ.

ಅವಳು ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟಳು.

“ಗೊತ್ತು ಭಾವ. ಅವತ್ತು ಮೊದಲನೇ ಬೀಜ ಹಲ್ಲಿಗಿಟ್ಟಾಗ್ಲೇ ಗೊತ್ತಾಯ್ತು. ಸಣ್ಣದು, ಸಿಪ್ಪೆ ದಪ್ಪ. ಅಕ್ಕನ ಬೀಜ ನಂಗೆ ಗೊತ್ತಾಗಲ್ವಾ?”

“ಮತ್ತೆ ಯಾಕೆ ಸುಮ್ನಿದ್ದೆ?”

“ಮನೆ ತುಂಬ ಜನ. ಹುಟ್ಟಿದಾಗಿಂದ ತಟ್ಟೆ ಹಿಡಿಯದವರು ನೀವು, ಒಬ್ಬೊಬ್ಬರ ಮುಂದೂ ಬಗ್ಗಿ ಹಿಡೀತಿದ್ರಿ. ಏನಂತ ಹೇಳ್ಲಿ? ತಿಂದೆ.”

ಬೇರೆ ಬೀಜ ಎಲ್ಲಾದರೂ ಇದ್ದೇ ಇರುತ್ತದೆ ಎಂದುಕೊಂಡು ಹೂ ಕೇಳಿದ್ದಳಂತೆ. ಆಮೇಲೆ ಕತ್ತರಿ ಕಿತ್ತುಕೊಂಡಳು. ಹೂವಿಲ್ಲದೆಯೇ ಹೋದೆವು. ಸಮಾಧಿಯ ಕಲ್ಲನ್ನು ಪನ್ನೀರಿನಿಂದ ತೊಳೆದು, ಅದರ ಮೇಲೆ ಬೆರಳಿಟ್ಟು ಫಾತಿಹಾ ಪ್ರಾರ್ಥನೆ ಓದಿದೆವು. ಹೂ ಎಲ್ಲಿ ಎಂದು ಯಾರೋ ಕೇಳಿದರು. ಗಿಡದಲ್ಲಿದೆ ಎಂದಳು ರುಖ್ಸಾರಾ.

ಮೊರ್ದಾದ್ ೧೦, ಬೆಳಗ್ಗೆ

ಪರಾಗ ಸವರಲು ಕುಂಚ ಸಿದ್ಧಮಾಡಿಕೊಂಡಿದ್ದೆ. ರುಖ್ಸಾರಾ ನಕ್ಕಳು: ಅಕ್ಕ ಎಂದೂ ಕುಂಚ ಮುಟ್ಟಿದವಳಲ್ಲವಂತೆ. ಬಟ್ಟೆ ಬಿಚ್ಚಿ, ಒಂದು ದಂಟನ್ನು ಅವಳು ಬಾಗಿಸಿದಳು, ಇನ್ನೊಂದನ್ನು ನಾನು. ಮುಖಕ್ಕೆ ಮುಖ ತಾಗಿಸಿ ಮೆಲ್ಲಗೆ ಉಜ್ಜಿದೆವು. ಇಪ್ಪತ್ತಾರು ಬೇಸಿಗೆ ಇದೇ ಮನೆಯಲ್ಲಿದ್ದೆ — ಸೊಲ್ಮಾಜ ಹೀಗೆ ಮಾಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಮತ್ತೆ ಬಟ್ಟೆ ಕಟ್ಟಿದೆವು. ಹತ್ತು ದಿನ ಹೀಗೆಯೇ ಮಾಡಬೇಕಂತೆ, ದಿನವೂ ಬರುತ್ತಾಳೆ.

ಜಾಡಿಯನ್ನು ಒರೆಸಿ ಬಿಸಿಲಿಗಿಟ್ಟಿದ್ದೇನೆ. ಚೀಟಿಯನ್ನು ಎದುರಿಗೆ, ಕಾಣುವಂತೆ ಅಂಟಿಸೋಣವೆಂದುಕೊಂಡೆ. ಕೀಳಲು ಹೋದರೆ ಹರಿಯುತ್ತದೆ. ಅಡಿಯಲ್ಲೇ ಇರಲಿ. ಇನ್ನು ಮುಂದೆ ಜಾಡಿ ಎತ್ತಿ ನೋಡುವುದು ನನ್ನ ಕೆಲಸ.