ಸೊಂಟ ಉಳುಕಿದ್ದು ಯಾರ ತಪ್ಪಿನಿಂದ

ಕುಕ್ ಟೌನ್, ಬೆಂಗಳೂರು

ಹೊಂಗೆತೋಪು ಗಾಲ್ಫ್ ಕ್ಲಬ್ಬಿನ ಕಾರ್ಯದರ್ಶಿಗಳಿಗೆ,

‘ಕ್ಯಾಡಿ ಸಂಜೀವಪ್ಪ ತಪ್ಪು ವ್ಯಾಯಾಮ ಮಾಡಿಸಿ ಹಿರಿಯ ಸದಸ್ಯರೊಬ್ಬರ ಸೊಂಟ ಉಳುಕಿಸಿದ್ದರಿಂದ ಅವನನ್ನು ತೆಗೆದುಹಾಕಲಾಗಿದೆ’ ಎಂದು ನಿಮ್ಮ ಸೂಚನಾಫಲಕದಲ್ಲಿದೆ. ಇದು ಸುಳ್ಳು. ಆ ಹಿರಿಯ ಸದಸ್ಯ ನಾನು, ತಪ್ಪೂ ನನ್ನದೇ.

ಆಟಕ್ಕೆ ಮೊದಲು ಕೋಲನ್ನು ಹೆಗಲ ಹಿಂದೆ ಅಡ್ಡ ಹಿಡಿದು, ಉಸಿರು ಬಿಡುತ್ತ ನಿಧಾನವಾಗಿ ಸೊಂಟ ತಿರುಗಿಸಬೇಕೆಂದು ಆತ ಮೊದಲ ದಿನವೇ ಕಲಿಸಿದ್ದ. ನಾನೋ ಶಾಲೆಯ ಡ್ರಿಲ್ಲಿನಂತೆ ‘ಒಂದು, ಎರಡು’ ಎಂದು ಕೂಗುತ್ತ ಜಗ್ಗಿ ಜಗ್ಗಿ ತಿರುಗಿದೆ.

“ಸಾರ್, ಜಗ್ಗಬೇಡಿ. ಇದೇನ್ ಸ್ಕೂಲ್ ಡ್ರಿಲ್ಲಾ? ಮೈ ತಾನಾಗೇ ಬಿಡ್ಬೇಕು,” ಎಂದ.

“ಮೂವತ್ತೈದು ವರ್ಷ ಡ್ರಿಲ್ ಮಾಡಿಸಿದೋನು ಕಣಯ್ಯಾ ನಾನು. ನೀನು ಬ್ಯಾಗ್ ಹೊರು,” ಎಂದೆ.

ಮರುಕ್ಷಣವೇ ಸೊಂಟ ಹಿಡಿದುಕೊಂಡಿತು.

ನೀವು ನನ್ನನ್ನೊಮ್ಮೆ ಕೇಳಿದ್ದರೆ ಸಾಕಿತ್ತು. ಇಪ್ಪತ್ತೆರಡು ವರ್ಷ ಆಟಗಾರರ ಬ್ಯಾಗ್ ಹೊತ್ತು ದುಡಿದವನನ್ನು ವಿಚಾರಣೆಯಿಲ್ಲದೆ ಹೊರದೂಡಿದ್ದಕ್ಕೆ ನಿಮಗೆ ನಾಚಿಕೆಯಾಗಬೇಕು.

ಕಳೆದ ಹತ್ತು ದಿನವೂ ಆತ ಬೈಯಪ್ಪನಹಳ್ಳಿಯಿಂದ ಸೈಕಲ್ಲಿನಲ್ಲಿ ನನ್ನ ಮನೆಗೆ ಬಂದು, ಗೋಡೆ ಹಿಡಿಸಿ ನಿಲ್ಲಿಸಿ, ಬಿಗಿದ ಮೈಯನ್ನು ಸಡಿಲಿಸಿದ. “ಡ್ಯೂಟಿ ಇಲ್ವೇನಯ್ಯಾ?” ಎಂದರೆ, “ರಜಾ ಹಾಕಿದ್ದೀನಿ ಸಾರ್,” ಎನ್ನುತ್ತಿದ್ದ. ನಿನ್ನೆ ನಾನು ಎರಡೂ ಕಡೆಗೆ ನೋವಿಲ್ಲದೆ ತಿರುಗಿದೆ. ಇಂದು ಕ್ಲಬ್ಬಿಗೆ ಬಂದು ನಿಮ್ಮ ಸೂಚನೆಯನ್ನು ಓದಿದೆ.

ಆ ಹಾಳೆಯನ್ನು ಕಿತ್ತು, ಅದೇ ಜಾಗದಲ್ಲಿ ಈ ಪತ್ರವನ್ನು ಅಂಟಿಸಿ. ಸೋಮವಾರದಿಂದ ಆತ ಕೆಲಸದಲ್ಲಿರಬೇಕು; ಕರೆಯಲು ನೀವೇ ಆತನ ಮನೆಗೆ ಹೋಗಬೇಕು. ನಾನೂ ಇನ್ನೂ ಆತನ ಕ್ಷಮೆ ಕೇಳಿಲ್ಲ. ಈಗ ಅದಕ್ಕೇ ಹೊರಟಿದ್ದೇನೆ.

ಇತಿ,
ಎಚ್. ವಿ. ಚನ್ನಕೇಶವಯ್ಯ
ನಿವೃತ್ತ ಮುಖ್ಯೋಪಾಧ್ಯಾಯ

ಶನಿವಾರ, ೧೨ ಜೂನ್ ೨೦೦೪, ಸಂಜೆ ೫ ಗಂಟೆ ೨೦ ನಿಮಿಷ